ಚಿನ್ನುವಿನ ಮೂಳೆ, ಕರಿಯನ ಬಟ್ಟಲು

ಹೋದ ವಾರ ಪಕ್ಕದ ಮನೆಗೆ ಒಂದು ನಾಯಿಮರಿ ಬಂತು. ಎರಡು ತಿಂಗಳ ಮರಿ, ಹೊಟ್ಟೆ ಗುಂಡಗೆ, ಕಾಲು ಇನ್ನೂ ನೆಟ್ಟಗೆ ನಿಲ್ಲುವುದಿಲ್ಲ. ಸಂಜೆ ಆ ಮನೆಯ ಹುಡುಗಿ ಕಾಂಪೌಂಡ್ ಗೋಡೆಯ ಹತ್ತಿರ ಬಂದು ಕೇಳಿದಳು: "ಅಕ್ಕಾ, ಇದಕ್ಕೆ ಪೆಡಿಗ್ರಿ ಹಾಕಬಹುದಾ? ಅದೆಲ್ಲ ಕೆಮಿಕಲ್ಲು, ಅನ್ನ ಮೊಸರು ಸಾಕು ಅಂತಾರೆ ನಮ್ಮತ್ತೆ."

ನಮ್ಮ ಕಡೆ ಅಂಗಡಿಯಿಂದ ತರುವ ಒಣ ನಾಯಿ ಊಟಕ್ಕೆ, ಯಾವ ಕಂಪನಿಯದಾದರೂ, ಇದೊಂದೇ ಹೆಸರು. ಅವಳು ಕೇಳಿದ್ದು ಡ್ರೈ ಫುಡ್ ಬಗ್ಗೆ. ಹಾಕು ಅಂತ ಹೇಳುವುದಕ್ಕೂ ಬಾಯಿ ಬರಲಿಲ್ಲ, ಬೇಡ ಅಂತ ಹೇಳುವುದಕ್ಕೂ ಬರಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟೆ. ನಮ್ಮ ಚಿನ್ನುವಿನ ಕಥೆ ಹೇಳಿದೆ. ಅವಳು ಹೋದ ಮೇಲೆ, ಹೇಳದೆ ಉಳಿದದ್ದೇ ಜಾಸ್ತಿ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಅಜ್ಜಿಯ ಮನೆಯ ಕೆಂಚನಿಂದ ಶುರು ಮಾಡುತ್ತೇನೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಕೆಂಚ ಹಟ್ಟಿ ಕಾಯುವ ನಾಯಿ. ಅಜ್ಜಿ ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಮಡಕೆಯ ಚೂರಿಗೆ ಹಾಕುತ್ತಿದ್ದರು. ಹಬ್ಬದ ಮಾರನೆ ದಿನ ಮೂಳೆ ಸಿಗುತ್ತಿತ್ತು. ಗದ್ದೆ ಬದುವಿನ ಇಲಿಯನ್ನು ತಾನೇ ಹಿಡಿದು ತಿನ್ನುತ್ತಿತ್ತು. ಅದಕ್ಕೆ ಯಾರೂ ತೂಕ ಮಾಡಿ ಊಟ ಹಾಕಲಿಲ್ಲ. ಹತ್ತು ಹನ್ನೆರಡು ವರ್ಷ ಗಟ್ಟಿಯಾಗಿ ಬದುಕಿತು.

"ಆಗಿನ ನಾಯಿಗಳು ಮುದ್ದೆ ತಿಂದೇ ಬದುಕಲಿಲ್ವಾ?" ಎಂದು ಕೇಳುವವರಿಗೆಲ್ಲ ಕೆಂಚನ ನೆನಪಿರುತ್ತದೆ. ನನಗೂ ಇದೆ. ಆದರೆ ಕೆಂಚನ ಜೊತೆ ಹುಟ್ಟಿದ ಆರು ಮರಿಗಳಲ್ಲಿ ನಾಲ್ಕು ಮೊದಲ ಮಳೆಗಾಲ ದಾಟಲಿಲ್ಲ. ಅವುಗಳಿಗೆ ಹೆಸರೂ ಇಟ್ಟಿರಲಿಲ್ಲ. ಬದುಕಿದ ನಾಯಿಯಷ್ಟೇ ಕಥೆಯಲ್ಲಿ ಉಳಿಯಿತು. ಇನ್ನೊಂದು ಮಾತು: ಕೆಂಚ ಮುದ್ದೆಯೊಂದನ್ನೇ ತಿನ್ನಲಿಲ್ಲ. ಇಲಿಯನ್ನು ಮೂಳೆ, ಕರುಳು, ಈಲಿ (ಲಿವರ್) ಸಮೇತ ತಿಂದಿತು. ನಾವು ಹಾಕದೆ ಬಿಟ್ಟದ್ದನ್ನು ಅದು ಹೊಲದಲ್ಲಿ ಹುಡುಕಿಕೊಂಡಿತು.

ಮುದ್ದೆ ನಾಯಿಗೆ ಜೀರ್ಣವೇ ಆಗುವುದಿಲ್ಲ, ಅದು ತೋಳದ ಜಾತಿ, ಮಾಂಸ ಮಾತ್ರ ತಿನ್ನಬೇಕು ಎನ್ನುವ ಮಾತನ್ನೂ ಈಗ ಜಾಸ್ತಿ ಕೇಳುತ್ತೇವೆ. ಅದು ಸರಿಯಲ್ಲ. 2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ನಾಯಿ ಮತ್ತು ತೋಳದ ಜೀನುಗಳನ್ನು ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಅಮೈಲೇಸ್ ಎಂಬ ರಸವನ್ನು ತಯಾರಿಸುವ ಜೀನು ತೋಳದಲ್ಲಿ ಎರಡೇ ಪ್ರತಿ ಇತ್ತು. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯ ಬೇಸಾಯ ಹಿಡಿದಾಗ ಅವನ ಜೊತೆಗೇ ಇದ್ದ ಪ್ರಾಣಿ ಅಲ್ವಾ. ನಮ್ಮ ಮುಧೋಳ ನಾಯಿಗಳನ್ನೇ ನೋಡಿ. ಬಾಗಲಕೋಟೆ ಕಡೆಯ ಕುರುಬರು, ರೈತರು ಅವನ್ನು ಬೆಳೆಸಿದ್ದು ಜೋಳದ ರೊಟ್ಟಿ, ಹಾಲು, ಮೊಟ್ಟೆ ಹಾಕಿ. ಬೇಯಿಸಿದ ಧಾನ್ಯ ನಾಯಿಗೆ ಆಗುತ್ತದೆ. ಅದೊಂದರಲ್ಲೇ ಎಲ್ಲವೂ ಸಿಗುವುದಿಲ್ಲ, ಅಷ್ಟೇ.

ಇದು ನನಗೆ ಗೊತ್ತಾಗಿದ್ದು ಚಿನ್ನುವಿನ ಕಾಲು ಬಾಗಿದ ಮೇಲೆ.

ಚಿನ್ನು ಲ್ಯಾಬ್ರಡಾರ್ ಹೆಣ್ಣುಮರಿ. ಹಾಸನಕ್ಕೆ ಮನೆ ಬದಲಾಯಿಸಿದ ವರ್ಷ ಬಂದವಳು. ಅಂಗಡಿಯ ಒಣ ಕಾಳು, ಅಂದರೆ ಡ್ರೈ ಫುಡ್, ಕೊಡಬಾರದು, ಎಲ್ಲ ಮನೆಯಲ್ಲೇ ಮಾಡಿ ಹಾಕಬೇಕು ಎಂದು ನಾನೇ ಹಠ ಹಿಡಿದೆ. ಬೆಳಗ್ಗೆ ಎದ್ದು ಅನ್ನ ಬೇಯಿಸುತ್ತಿದ್ದೆ. ಮೂಳೆ ಗಂಟಲಿಗೆ ಸಿಕ್ಕೀತು ಎಂಬ ಹೆದರಿಕೆಗೆ ಮೂಳೆ ಇಲ್ಲದ ಕೋಳಿ ಮಾಂಸವನ್ನೇ ತರುತ್ತಿದ್ದೆ. ಹಾಲು ಹಾಕಿದರೆ ಭೇದಿ ಆಯಿತು, ನಿಲ್ಲಿಸಿದೆ. ಮರಿ ಚೆನ್ನಾಗಿ ತಿಂದಿತು. ಮೈ ಹೊಳೆಯುತ್ತಿತ್ತು. ನೋಡಿದವರೆಲ್ಲ "ಎಷ್ಟು ಚೆನ್ನಾಗಿ ಸಾಕಿದೀರಾ" ಎಂದರು.

ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ ಚಿನ್ನು ಮಂಚದಿಂದ ಇಳಿದವಳು ಕಿರುಚಿದಳು. ಮುಂಗಾಲು ಊರಲಿಲ್ಲ. ಅವತ್ತು ನೆಲದ ಮೇಲೆ ಕೂತು ನೋಡಿದಾಗ ಎರಡೂ ಮುಂಗಾಲು ಸ್ವಲ್ಪ ಬಿಲ್ಲಿನ ಹಾಗೆ ಬಾಗಿದ್ದು ಕಾಣಿಸಿತು. ಎಷ್ಟು ದಿನದಿಂದ ಹಾಗಿತ್ತೋ. ಎಕ್ಸ್‌ರೇ ತೆಗೆದರು. ಪಶು ವೈದ್ಯರು ಅದನ್ನು ಬೆಳಕಿಗೆ ಹಿಡಿದು, "ನೋಡಿ ಮೇಡಂ, ಮೂಳೆ ಎಷ್ಟು ತೆಳ್ಳಗೆ ಕಾಣ್ತಿದೆ. ಏನು ಊಟ ಹಾಕ್ತಿದೀರಾ?" ಎಂದರು. ಹೇಳಿದೆ. ಅವರು ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ಬರೆದು ತೋರಿಸಿದರು.

ಮೂಳೆ ಇಲ್ಲದ ಕೋಳಿ ಮಾಂಸದಲ್ಲಿ ರಂಜಕ (ಫಾಸ್ಫರಸ್) ತುಂಬ ಇದೆ, 100 ಗ್ರಾಮಿಗೆ 200 ಮಿಲಿಗ್ರಾಮಿನ ಆಸುಪಾಸು. ಕ್ಯಾಲ್ಸಿಯಂ 10, 15 ಮಿಲಿಗ್ರಾಂ ಇದ್ದರೆ ಹೆಚ್ಚು. ಬಿಳಿ ಅಕ್ಕಿಯಲ್ಲೂ ಹಾಗೇ, ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಕಡೇಪಕ್ಷ ರಂಜಕದಷ್ಟಾದರೂ ಬೇಕು, ಸ್ವಲ್ಪ ಹೆಚ್ಚೇ ಇರಬೇಕು. ಊಟದಲ್ಲಿ ಸಿಗದಿದ್ದರೆ ದೇಹ ಸುಮ್ಮನಿರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದ ಹಾಗೆ ನೋಡಿಕೊಳ್ಳಲು ಕುತ್ತಿಗೆಯ ಹತ್ತಿರದ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದಲೇ ಅದನ್ನು ಕರಗಿಸಿ ತೆಗೆಯುತ್ತದೆ. ನಾನು ಪ್ರೀತಿಯಿಂದ ಬೇಯಿಸಿ ಹಾಕಿದ ಊಟಕ್ಕೆ ಚಿನ್ನು ತನ್ನ ಮೂಳೆಯಿಂದ ಬೆಲೆ ಕೊಟ್ಟಳು. ಇವತ್ತು ಬರೆಯುವಾಗಲೂ ಎದೆ ಭಾರವಾಗುತ್ತದೆ.

ಅವರು ಹೇಳಿದ ಔಷಧಿ ಏನು ಗೊತ್ತಾ? ಓಡಾಟ ಬೇಡ, ಒಳ್ಳೆಯ ಪಪ್ಪಿ ಡ್ರೈ ಫುಡ್ ಹಾಕಿ. ದೊಡ್ಡ ಜಾತಿಯ ಮರಿಗೆಂದೇ ಮಾಡಿದ್ದನ್ನು ಹಾಕಿ. ಅದರ ಮೇಲೆ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ.

ಈ ಕೊನೆಯ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ನಾಯಿಮರಿ ಮನೆಗೆ ಬಂದರೆ ಸಾಕು, ಜೊತೆಗೇ ಒಂದು ಕ್ಯಾಲ್ಸಿಯಂ ಬಾಟಲಿಯೂ ಬರುತ್ತದೆ. ಪೂರ್ತಿ ಸಮತೋಲನದ ಪಪ್ಪಿ ಫುಡ್ ತಿನ್ನುವ ಮರಿಗೆ ಅದು ಬೇಕಿಲ್ಲ. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಅಂಥ ದೊಡ್ಡ ಜಾತಿಗಳಲ್ಲಿ ಜಾಸ್ತಿಯಾದರೂ ಮೂಳೆ ಕೀಲು ಕೆಡುತ್ತವೆ.

ಎರಡು ತಿಂಗಳಲ್ಲಿ ಚಿನ್ನು ಓಡಿದಳು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಓಡಿದಳು.

ಆಮೇಲೆ ನಾನು ಆ ಒಣ ಕಾಳಿನ ಬಗ್ಗೆ ಓದಲು ಕೂತೆ. ನನ್ನ ಮರಿಯನ್ನು ಎತ್ತಿ ನಿಲ್ಲಿಸಿದ ಈ ವಸ್ತು ಏನು ಅಂತ ಗೊತ್ತಾಗಬೇಕಿತ್ತು.

1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಲಂಡನ್ನಿನಲ್ಲಿ ನಾಯಿಗೆಂದೇ ಬಿಸ್ಕತ್ತು ಮಾಡಿ ಮಾರಿದ. ಗೋಧಿ, ತರಕಾರಿ, ಮಾಂಸ ಸೇರಿಸಿದ ಗಟ್ಟಿ ಬಿಸ್ಕತ್ತು. ಎರಡನೇ ಮಹಾಯುದ್ಧದಲ್ಲಿ ತಗಡಿನ ಕೊರತೆಯಾಗಿ ಅಮೆರಿಕದಲ್ಲಿ ಡಬ್ಬಿಯ ನಾಯಿ ಊಟ ಹಿಂದೆ ಸರಿಯಿತು, ಒಣ ಊಟಕ್ಕೆ ಜಾಗ ಸಿಕ್ಕಿತು. ಈಗ ನಾವು ನೋಡುವ ಗುಳ್ಳೆಗುಳ್ಳೆಯ ಕಾಳು ಬಂದದ್ದು 1957ರಲ್ಲಿ, ಪ್ಯೂರಿನಾ ಕಂಪನಿಯಿಂದ. ಮಾಡುವ ಕ್ರಮ ನಮ್ಮ ಶಾವಿಗೆ ಒರಳಿನ ಹಾಗೇ. ಧಾನ್ಯದ ಹಿಟ್ಟು, ಒಣಗಿಸಿ ಪುಡಿ ಮಾಡಿದ ಮಾಂಸ, ಕೊಬ್ಬು, ವಿಟಮಿನ್, ಖನಿಜ ಎಲ್ಲವನ್ನೂ ಕಲಸಿ, ಆವಿ ಕೊಟ್ಟು, ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ತೂತಿನ ತಟ್ಟೆಯಿಂದ ಒತ್ತುತ್ತಾರೆ. ಹೊರಗೆ ಬಂದ ಕೂಡಲೇ ಒತ್ತಡ ಇಳಿದು ಸಂಡಿಗೆಯ ಹಾಗೆ ಅರಳುತ್ತದೆ. ಆಮೇಲೆ ಒಣಗಿಸಿ, ಮೇಲಿಂದ ಕೊಬ್ಬು ಮತ್ತು ರುಚಿಯ ರಸ ಚಿಮುಕಿಸುತ್ತಾರೆ. ನಾಯಿ ಮೂಸಿ ಓಡಿಬರುವುದು ಆ ಮೇಲಿನ ಲೇಪಕ್ಕೆ.

ಇಷ್ಟು ಬಿಸಿಯಲ್ಲಿ ಏನೂ ಹಾಳಾಗುವುದಿಲ್ಲ ಎಂದರೆ ಸುಳ್ಳು. ಕೆಲವು ವಿಟಮಿನ್ ಹೋಗುತ್ತವೆ, ಅದಕ್ಕೇ ಹೊರಗಿನಿಂದ ಸೇರಿಸುತ್ತಾರೆ. ರೊಟ್ಟಿ ಕೆಂಪಗಾಗುವಾಗ ನಡೆಯುವ ಕ್ರಿಯೆ ಇಲ್ಲೂ ನಡೆದು, ಲೈಸಿನ್ ಎಂಬ ಪ್ರೋಟೀನ್ ಅಂಶದ ಒಂದು ಪಾಲು ನಾಯಿಗೆ ದಕ್ಕದ ಹಾಗಾಗುತ್ತದೆ. ಆದರೆ ಅದೇ ಬಿಸಿಯಿಂದ ಪಿಷ್ಟ ಬೇಯುತ್ತದೆ, ಸಾಲ್ಮೊನೆಲ್ಲಾ ಥರದ ರೋಗಾಣು ಸಾಯುತ್ತವೆ. ಮನುಷ್ಯರ ಊಟದ ಲೆಕ್ಕದಲ್ಲಿ ನೋಡಿದರೆ ಇದು ಖಂಡಿತ ಅತಿ ಸಂಸ್ಕರಿತ ಆಹಾರ. ಹಾಗಂತ ಚಿಪ್ಸ್ ಪ್ಯಾಕೆಟ್ಟಿನ ಜೊತೆ ಹೋಲಿಸಲು ನನಗೆ ಮನಸ್ಸಿಲ್ಲ. ಚಿಪ್ಸನ್ನು ಯಾರೂ ಮಗುವಿಗೆ ಬೇಕಾದ ಎಲ್ಲ ಪೋಷಕಾಂಶ ಲೆಕ್ಕ ಹಾಕಿ ಮಾಡುವುದಿಲ್ಲ.

ಆ ಲೆಕ್ಕವೇ ಮುಖ್ಯ. ಅಮೆರಿಕದ ಆಫ್ಕೋ ಎಂಬ ಸಂಸ್ಥೆ ನಾಯಿಯ ಊಟದಲ್ಲಿ ಏನೇನು ಎಷ್ಟೆಷ್ಟು ಇರಬೇಕು ಎಂದು ಪಟ್ಟಿ ಇಟ್ಟಿದೆ. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ಬೆಳೆದ ನಾಯಿಗೆ ಕಡೇಪಕ್ಷ 18%, ಮರಿಗೆ 22.5% ಪ್ರೋಟೀನ್. ಚೀಲದ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದು, ಯಾವ ವಯಸ್ಸಿಗೆ ಎಂದು ಬರೆದಿದೆಯಾ ನೋಡಬೇಕು. ಅದಿಲ್ಲದ್ದು ತಿಂಡಿಯ ಲೆಕ್ಕ, ಊಟವಾಗದು.

ಚೀಲದ ಹಿಂದೆ ಪಿಷ್ಟ ಎಷ್ಟಿದೆ ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ನಾನೇ ಒಂದು ದಿನ ಕೂಡಿ ಕಳೆದು ನೋಡಿದೆ. ಪ್ರೋಟೀನ್ 22, ಕೊಬ್ಬು 10, ನಾರು 5, ತೇವ 10. ಬೂದಿ, ಅಂದರೆ ಖನಿಜ, ಸುಮಾರು 8. ಒಟ್ಟು 55. ನೂರರಲ್ಲಿ ಉಳಿದ 45 ಪಿಷ್ಟ. ಚಿತ್ರದಲ್ಲಿ ಕೋಳಿ ತೊಡೆ, ಒಳಗೆ ಅರ್ಧದ ಹತ್ತಿರ ಧಾನ್ಯ. ಪದಾರ್ಥದ ಪಟ್ಟಿಯಲ್ಲಿ ಹಸಿ ಕೋಳಿ ಮೊದಲಿದ್ದರೂ ಹಿಗ್ಗಬೇಕಿಲ್ಲ. ಆ ಪಟ್ಟಿ ಬೇಯಿಸಿ ಒಣಗಿಸುವ ಮುಂಚಿನ ತೂಕದ್ದು, ಹಸಿ ಮಾಂಸದಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ.

ಇನ್ನು ಆ ಪ್ರೋಟೀನ್ ಸಂಖ್ಯೆ. ಅದನ್ನು ಪರೀಕ್ಷೆಯಲ್ಲಿ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಎಂದು ಅಳೆದು 6.25ರಿಂದ ಗುಣಿಸುತ್ತಾರೆ. 2007ರಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ಅನಾಹುತಕ್ಕೆ ಈ ಸಂದೇ ದಾರಿಯಾಯಿತು. ನಾಯಿ ಬೆಕ್ಕಿನ ಊಟಕ್ಕೆ ಹಾಕಲು ಚೀನಾದಿಂದ ಬಂದ ಗೋಧಿಯ ಪ್ರೋಟೀನಿಗೆ (ಗ್ಲುಟೆನ್) ಮೆಲಮೈನ್ ಬೆರೆಸಿದ್ದರು. ಅದು ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ. ಅದರಲ್ಲಿ ಸಾರಜನಕ ಜಾಸ್ತಿ, ಹಾಗಾಗಿ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚಿದ್ದ ಹಾಗೆ ಕಂಡಿತು. ಅದು ಸಯನ್ಯೂರಿಕ್ ಆಮ್ಲದ ಜೊತೆ ಸೇರಿ ನಾಯಿ ಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳು ಕಟ್ಟಿತು. ಎಷ್ಟೋ ಪ್ರಾಣಿಗಳು ಸತ್ತವು. 'ಕೆಮಿಕಲ್ಲು' ಎಂದು ಹೆದರುವ ಪಕ್ಕದ ಮನೆಯ ಅತ್ತೆಯವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆ ಹೆದರಿಕೆಗೆ ಇಂಥ ಹಿನ್ನೆಲೆ ಇದೆ.

'ಧಾನ್ಯವಿಲ್ಲದ್ದು' ಎಂದು ದುಬಾರಿ ಬೆಲೆಗೆ ಮಾರುವ ಚೀಲಗಳ ಬಗ್ಗೆಯೂ ಒಂದು ಮಾತು. 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ, ಬೇಳೆ, ಆಲೂಗಡ್ಡೆ ಜಾಸ್ತಿ ಇರುವ ಇಂಥ ಊಟ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಕಾಣುತ್ತಿದೆ ಎಂದು ಎಚ್ಚರಿಸಿತು. ಊಟವೇ ಕಾರಣ ಎಂದು ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಆದರೆ ಅಕ್ಕಿ, ಜೋಳ ತಿಂದು ಬೆಳೆದ ನಾಯಿಗೆ ಧಾನ್ಯ ಬಿಡಿಸಲು ನಾನು ಹೆಚ್ಚು ದುಡ್ಡು ಕೊಡುವುದಿಲ್ಲ.

ನನಗೆ ಸ್ವಂತ ಅನುಭವದಿಂದ ಗೊತ್ತಿರುವ ಅಪಾಯ ಬೇರೆ. ಅದು ಲೂಸ್ ಮಾರಾಟ. ಒಂದು ಅಂಗಡಿಯಲ್ಲಿ ದೊಡ್ಡ ಚೀಲ ಬಾಯಿ ತೆರೆದು ಇಟ್ಟು, ಮಗ್ಗಿನಲ್ಲಿ ಮೊಗೆದು ಕೆಜಿ ಲೆಕ್ಕದಲ್ಲಿ ಕೊಡುತ್ತಿದ್ದರು. ಅಗ್ಗ ಅಂತ ನಾನೂ ತಂದೆ. ಆಷಾಢದ ಮಳೆ, ಬಟ್ಟೆ ಒಣಗದ ಕಾಲ. ಚಿನ್ನು ಮೂಸಿ ನೋಡಿ ಹಿಂದೆ ಸರಿದಳು. ನಾನು ಬಲವಂತ ಮಾಡಿದೆ. ಎರಡು ದಿನ ವಾಂತಿ. ಆಮೇಲೆ ಒಂದು ಕಾಳು ಮುರಿದು ಮೂಗಿನ ಹತ್ತಿರ ಹಿಡಿದೆ. ಹಳೇ ಚಕ್ಕುಲಿಯ ಕಮಟು ವಾಸನೆ, ಅದರಡಿ ಮುಗ್ಗಲು. ಮೇಲೆ ಚಿಮುಕಿಸಿದ ಕೊಬ್ಬು ಗಾಳಿ ತಾಗಿದರೆ ಮೊದಲು ಕೆಡುತ್ತದೆ. ತೇವ ಸೇರಿದರೆ ಬೂಸ್ಟು ಹಿಡಿಯುತ್ತದೆ. ಮೆಕ್ಕೆಜೋಳ, ಶೇಂಗಾಕ್ಕೆ ಹಿಡಿಯುವ ಒಂದು ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ನಾಯಿಯ ಈಲಿಯನ್ನೇ ಹಾಳು ಮಾಡುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಚಿನ್ನುವಿಗೆ ಅಷ್ಟಾಗಲಿಲ್ಲ, ಪುಣ್ಯ. ಈಗ ತಿಂಗಳಲ್ಲಿ ಮುಗಿಯುವಷ್ಟು ಸಣ್ಣ ಚೀಲವನ್ನೇ, ತಾರೀಖು ನೋಡಿ ತರುತ್ತೇನೆ. ಚೀಲದ ಸಮೇತ ಡಬ್ಬದೊಳಗೆ ಇಡುತ್ತೇನೆ. ಡಬ್ಬಕ್ಕೆ ಸುರಿದರೆ ಹಳೇ ಕೊಬ್ಬು ಅಂಚಿಗೆ ಅಂಟಿ ಹೊಸದನ್ನೂ ಕೆಡಿಸುತ್ತದೆ.

ಇಷ್ಟೆಲ್ಲ ಕಲಿತವಳು ಇನ್ನೊಂದು ತಪ್ಪು ಮಾಡಿದೆ. ಚಿನ್ನು ನಾಲ್ಕು ವರ್ಷಕ್ಕೆ 38 ಕೆಜಿ ಆದಳು. ಒಣ ಕಾಳು ನೋಡಲು ಸ್ವಲ್ಪ. ಬಟ್ಟಲಿನ ತಳ ಮುಚ್ಚುವಷ್ಟು ಹಾಕಿದರೆ ಅಯ್ಯೋ ಅನ್ನಿಸುತ್ತದೆ. ಆದರೆ 100 ಗ್ರಾಂ ಕಾಳಿನಲ್ಲಿ 350ರಿಂದ 400 ಕ್ಯಾಲೊರಿ. ಅಷ್ಟೇ ತೂಕದ ಅನ್ನದಲ್ಲಿ ಅದರ ಮೂರನೇ ಒಂದು ಪಾಲು. ಅನ್ನ ಹಾಕಿ ರೂಢಿಯಾದ ಕೈ ಅದೇ ಅಂದಾಜಿನಲ್ಲಿ ಕಾಳು ಸುರಿಯುತ್ತಿತ್ತು. ಜೊತೆಗೆ ಚಪಾತಿ, ಬಿಸ್ಕತ್ತು. ಲ್ಯಾಬ್ರಡಾರ್‌ಗಳು ಎಷ್ಟು ಹಾಕಿದರೂ ಬೇಡ ಅನ್ನುವುದಿಲ್ಲ. ಅವುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವು ತಣಿಯದ ಹಾಗೆ ಮಾಡುವ ಜೀನಿನ ಬದಲಾವಣೆ ಇದೆ ಎಂದು 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಕಂಡುಕೊಂಡರು. ಬೇಡುವ ಆ ಕಣ್ಣು ನಾಟಕ ಆಗಿರಲಿಲ್ಲ. ಅವಳಿಗೆ ನಿಜವಾಗಿ ಹಸಿವಾಗುತ್ತಿತ್ತೇನೋ.

2002ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಪ್ಯೂರಿನಾ ಕಂಪನಿಯೇ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡಿತು. ಎಲ್ಲಕ್ಕೂ ಒಂದೇ ಒಣ ಊಟ. ಅರ್ಧ ನಾಯಿಗಳಿಗೆ ಮಾತ್ರ ಉಳಿದವಕ್ಕಿಂತ 25% ಕಡಿಮೆ. ಹೆಚ್ಚು ತಿಂದವು ಸರಾಸರಿ 11.2 ವರ್ಷ ಬದುಕಿದವು, ಕಡಿಮೆ ತಿಂದವು 13 ವರ್ಷ. ಕೀಲುನೋವು ಕೂಡ ತಡವಾಗಿ ಬಂತು. ಕಾಳು ಮಾರುವ ಕಂಪನಿ ಕಾಳನ್ನು ಕಡಿಮೆ ಹಾಕಿ ಎಂದು ತೋರಿಸಿಕೊಟ್ಟ ಅಧ್ಯಯನ ಇದು, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ. ಒಣ ಊಟವನ್ನೇ ಜೀವನಪೂರ್ತಿ ತಿಂದ ಲ್ಯಾಬ್ರಡಾರ್ 13 ವರ್ಷ ಬದುಕಬಲ್ಲದು. ಅದೇ ಊಟ ಜಾಸ್ತಿಯಾದರೆ ಎರಡು ವರ್ಷದ ಹತ್ತಿರ ಆಯಸ್ಸು ತಿನ್ನಬಲ್ಲದು.

ಅಡುಗೆಮನೆಯ ತಕ್ಕಡಿ ಚಿನ್ನುವಿನದಾಯಿತು. ಹತ್ತು ತಿಂಗಳಲ್ಲಿ 29 ಕೆಜಿಗೆ ಬಂದಳು. ಪಕ್ಕೆಗೆ ಕೈ ಇಟ್ಟರೆ ಎಲುಬು ಬೆರಳಿಗೆ ಸಿಗಬೇಕು, ಅಂಗೈ ಚಾಚಿ ಅದರ ಹಿಂಬದಿ ಸವರಿದಾಗ ಸಿಗುತ್ತದಲ್ಲ, ಹಾಗೆ. ಹನ್ನೆರಡು ವರ್ಷ ನಮ್ಮ ಜೊತೆ ಇದ್ದಳು. ಕೊನೆಯವರೆಗೂ ಆ ಬಾಗಿದ ಕಾಲಿನಲ್ಲೇ ಗೇಟಿನವರೆಗೆ ಬಂದು ನನ್ನನ್ನು ಎದುರುಗೊಂಡಳು.

ಈಗ ಮನೆಯಲ್ಲಿ ಕರಿಯ ಇದ್ದಾನೆ. ಬೀದಿಯಿಂದ ತಂದವನು, ಹದಿನೆಂಟು ಕೆಜಿ. ಇವನಿಗೆ ಬೆಳಗ್ಗೆ ಒಣ ಕಾಳು, 130 ಗ್ರಾಂ. ರಾತ್ರಿ ಮನೆಯ ಊಟ. ಈ ರಾತ್ರಿಯ ಊಟದ ಅಳತೆಯನ್ನು ವೈದ್ಯರ ಜೊತೆ ಕೂತು ಬರೆಸಿಕೊಂಡಿದ್ದೇನೆ. ನುಚ್ಚಕ್ಕಿ ಅಥವಾ ರಾಗಿ, ಕೋಳಿ ಮಾಂಸ, ಸ್ವಲ್ಪ ಈಲಿ, ಮೊಟ್ಟೆ, ಸಿಹಿಗುಂಬಳ. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಅಳತೆಯಷ್ಟು ಬೆರೆಸುತ್ತೇನೆ. ರಾಗಿಯಲ್ಲಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಇದ್ದರೂ ಅದೆಲ್ಲ ಮೈಗೆ ಹತ್ತುವುದಿಲ್ಲ, ಹಾಗಾಗಿ ಚಿಪ್ಪು ಬಿಡುವುದಿಲ್ಲ. ಜೊತೆಗೆ ಅವರು ಹೇಳಿದ ವಿಟಮಿನ್ ಪುಡಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ಅಂದರೆ ನಮ್ಮ ಸಾರು, ಹುಳಿ ಯಾವುದೂ ಅವನಿಗಿಲ್ಲ. ಹಬ್ಬದ ಪಾಯಸವೂ ಇಲ್ಲ. ಅದರ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು.

ಸುಮ್ನೆ ಕಾಳನ್ನೇ ಎರಡು ಹೊತ್ತು ಹಾಕಿದರೆ ಸುಲಭ ಅಲ್ವಾ ಎಂದು ತಮ್ಮ ಕೇಳುತ್ತಾನೆ. ಸುಲಭವೇ. ತಪ್ಪೂ ಅಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸಾಕಿದವರನ್ನು ಪ್ರಶ್ನೆ ಕೇಳಿ ಮಾಡಿದ, 2023ರಲ್ಲಿ ಬಂದ ಅಧ್ಯಯನದಲ್ಲಿ, ಮರಿಯಾಗಿದ್ದಾಗ ಮನೆಯ ಊಟದ ಉಳಿಕೆ, ಹಸಿ ಮಾಂಸ ತಿಂದ ನಾಯಿಗಳಿಗೆ ಮುಂದೆ ಕರುಳಿನ ದೀರ್ಘ ಕಾಯಿಲೆ ಕಡಿಮೆ ಕಂಡಿತು. ಒಣ ಕಾಳು ತಿಂದವಕ್ಕೆ ಹೆಚ್ಚು. ನೆನಪಿನ ಮೇಲೆ ಕೊಟ್ಟ ಉತ್ತರಗಳು, ಹಾಗಾಗಿ ಅದನ್ನೇ ಕಟ್ಟಕಡೆಯ ಮಾತು ಎಂದುಕೊಳ್ಳುವುದಿಲ್ಲ. ಆದರೂ ಬಗೆಬಗೆಯ ಊಟ ಕರುಳಿಗೆ ಒಳ್ಳೆಯದು ಎನ್ನುವುದು ನನಗೆ ಒಪ್ಪಿಗೆಯಾಗುತ್ತದೆ. ಅದರ ಎದುರಿಗೆ 2013ರ ಇನ್ನೊಂದು ಲೆಕ್ಕವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಪುಸ್ತಕ, ಅಂತರ್ಜಾಲದಿಂದ ನಾಯಿಯ ಮನೆಯೂಟದ 200 ರೆಸಿಪಿ ಆಯ್ದು ನೋಡಿದರು. 95% ರೆಸಿಪಿಗಳಲ್ಲಿ ಒಂದಾದರೂ ಬೇಕೇಬೇಕಾದ ಅಂಶ ಕಡಿಮೆ ಇತ್ತು. ನನ್ನ ಅನ್ನ-ಕೋಳಿಯೂ ಆ ಸಾಲಿನದೇ.

ಪಕ್ಕದ ಮನೆಯ ಹುಡುಗಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: ಮರಿಗೆ ಒಂದು ವರ್ಷ ತುಂಬುವವರೆಗೆ ಪಪ್ಪಿ ಫುಡ್ಡೇ ಮುಖ್ಯ ಊಟವಾಗಿರಲಿ. ಸೀಲ್ ಇರುವ ಚೀಲ ತಗೋ. ತೂಕ ಮಾಡಿ ಹಾಕು. ಪಕ್ಕದಲ್ಲಿ ಯಾವಾಗಲೂ ನೀರಿರಲಿ, ಕಾಳಿನಲ್ಲಿ ಹತ್ತನೇ ಒಂದು ಪಾಲಷ್ಟೇ ನೀರು. ನಿಮ್ಮತ್ತೆಗೆ ಮರಿಗೆ ತಮ್ಮ ಕೈಯಿಂದ ಏನಾದರೂ ಹಾಕುವ ಆಸೆ ಇದ್ದರೆ ಬೇಡ ಅನ್ನಬೇಡ. ದಿನಕ್ಕೆ ಎರಡು ಚಮಚ ಮೊಸರನ್ನ ಹಾಕಲಿ. ಅವಳು ಫೋನಿನಲ್ಲಿ ಬರೆದುಕೊಂಡಳು. ಮಾರನೆ ದಿನ ಅವರ ಅತ್ತೆಯೇ ಗೋಡೆಯಾಚೆಯಿಂದ "ಎರಡು ಚಮಚ ಅಂದ್ರೆ ಯಾವ ಚಮಚ ಕಣಮ್ಮಾ?" ಎಂದು ಕೇಳಿದರು. ನಮ್ಮ ಮನೆಯ ಉಪ್ಪಿನಡಬ್ಬಿಯ ಚಮಚ ತೋರಿಸಿದೆ.

ಇವತ್ತು ಬೆಳಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದರು. ಕರಿಯ ಅಡುಗೆಮನೆಯ ಹೊಸ್ತಿಲಲ್ಲಿ ಗಲ್ಲ ಊರಿ ಮಲಗಿದ್ದ. ಅಮ್ಮ ನನ್ನ ಕಡೆ ನೋಡಿದರು, ದೋಸೆಯ ಅಂಚು ಒಂದು ತುಂಡು ಹರಿದು ಅವನ ಮುಂದೆ ಹಾಕಿದರು. ನಾನು ತಕ್ಕಡಿಯ ಮೇಲಿದ್ದ ಬಟ್ಟಲಿನಿಂದ ಹತ್ತು ಕಾಳು ತೆಗೆದು ಚೀಲಕ್ಕೆ ಹಾಕಿದೆ.